ಹಿಮದಲ್ಲಿ ನಿಂತ ಕುದುರೆಗೆ ಹೊಟ್ಟೆಯೇ ಒಲೆ: ಚಳಿಗಾಲದ ಮೇವಿನ ಲೆಕ್ಕ

ನವೆಂಬರ್ ಬಂತೆಂದರೆ ಕ್ಯಾಲ್ಗರಿಯ ನಮ್ಮ ಕನ್ನಡದವರ ನಡುವೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ಆ ವರ್ಷವಷ್ಟೇ ಕೆನಡಾಕ್ಕೆ ಬಂದವರು. ಊರಾಚೆ ಕಾರಿನಲ್ಲಿ ಹೋಗುತ್ತಿರುತ್ತಾರೆ. ಹೊರಗೆ ಮೈನಸ್ 25 ಡಿಗ್ರಿ. ಬೇಲಿಯಾಚೆ ಬಟ್ಟ ಬಯಲಲ್ಲಿ ಏಳೆಂಟು ಕುದುರೆಗಳು ಸುಮ್ನೆ ನಿಂತಿರುತ್ತವೆ. ಬೆನ್ನ ಮೇಲೆ ಒಂದು ಪದರ ಹಿಮ. "ಪಾಪ, ಇವನ್ನ ಯಾರೂ ಒಳಗೆ ಕಟ್ಟೋದಿಲ್ವಾ? ಹೇಗೆ ಬದುಕುತ್ತವೆ?"

ಈಗೀಗ ಈ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬಂದಿದೆ. ನಮ್ಮ ಮಕ್ಕಳು ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದಾರೆ. ಕೆಲವು ಮನೆಯವರು ಒಂದು ಕುದುರೆಯ ಖರ್ಚನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಸಾಕುತ್ತಿದ್ದಾರೆ. ಚಳಿಗಾಲದಲ್ಲಿ ಹುಲ್ಲಿನ ಬಿಲ್ಲು ಏರಿದಾಗ "ಇಷ್ಟೊಂದು ಹುಲ್ಲು ಯಾಕೆ? ಸ್ವಲ್ಪ ಕಾಳು ಹಾಕಿದರೆ ಆಗಲ್ವಾ?" ಎಂದು ಕೇಳುತ್ತಾರೆ. ನಮ್ಮ ಕಡೆ ಕುದುರೆ ಎಂದರೆ ಹುರುಳಿ ನೆನಪಾಗುವುದು ಸಹಜ ತಾನೇ. ಆದರೆ ಉತ್ತರ ಕಾಳಿನಲ್ಲಿಲ್ಲ, ಒಣಹುಲ್ಲಿನಲ್ಲಿದೆ. ಯಾಕೆ ಅಂತ ಬುಡದಿಂದ ನೋಡೋಣ.

ಕುದುರೆಗೆ ಚಳಿ ಶುರುವಾಗುವುದು ಎಲ್ಲಿಂದ?

ಪ್ರತಿ ಪ್ರಾಣಿಗೂ ಒಂದು ಚಳಿಯ ಗೆರೆ ಇರುತ್ತದೆ. ಹೊರಗಿನ ತಾಪಮಾನ ಆ ಗೆರೆಗಿಂತ ಮೇಲಿದ್ದರೆ ಮೈ ಬೆಚ್ಚಗಿಡಲು ದೇಹ ಬೇರೆ ಕೆಲಸ ಮಾಡಬೇಕಿಲ್ಲ. ಎಂದಿನ ಊಟದಲ್ಲಿ ಹುಟ್ಟುವ ಶಾಖವೇ ಸಾಕು. ಗೆರೆಗಿಂತ ಕೆಳಗೆ ಇಳಿದರೆ ಬೆಚ್ಚಗಿರಲೆಂದೇ ಜಾಸ್ತಿ ಉರುವಲು ಸುಡಬೇಕು. ಮೇಲೆ ಬಟ್ಟೆಯಿಲ್ಲದೆ ಸುಮ್ಮನೆ ಕೂತ ಮನುಷ್ಯನಿಗೆ ಈ ಗೆರೆ ಸುಮಾರು 27-28 ಡಿಗ್ರಿಯಲ್ಲಿದೆ. ಅದಕ್ಕೇ 15 ಡಿಗ್ರಿಗೆ ನಾವು ಸ್ವೆಟರ್ ಹುಡುಕುತ್ತೇವೆ.

ಕುದುರೆಯ ಗೆರೆ ಬಹಳ ಕೆಳಗಿದೆ. ಹಿತವಾದ ಹವೆಯ ಊರಿನಲ್ಲಿ, ತೆಳು ಕೂದಲಿನಲ್ಲಿರುವ ಕುದುರೆಗೆ ಅದು ಸುಮಾರು 5 ಡಿಗ್ರಿ. ಚಳಿಗೆ ನಿಧಾನವಾಗಿ ಒಗ್ಗಿಕೊಂಡು, ದಟ್ಟ ಕೂದಲು ಬೆಳೆಸಿಕೊಂಡು, ಹೊಟ್ಟೆ ತುಂಬ ತಿನ್ನುತ್ತಿರುವ ಕೆನಡಾದ ಕುದುರೆಗೆ ಸುಮಾರು ಮೈನಸ್ 15. ಒಂದೇ ಪ್ರಾಣಿ, ಎರಡು ಗೆರೆಗಳ ನಡುವೆ 20 ಡಿಗ್ರಿ ಅಂತರ! ವ್ಯತ್ಯಾಸ ತರುವುದು ಕೂದಲು, ಮೈಯ ಕೊಬ್ಬು ಮತ್ತು ಹೊಟ್ಟೆಯೊಳಗಿನ ಮೇವು.

ಕೂದಲಿನ ವಿಷಯ ಸ್ವಾರಸ್ಯವಾಗಿದೆ. ಚಳಿಗಾಲದ ಕೂದಲು ಬೆಳೆಯಲು ಮುಖ್ಯ ಕಾರಣ ಚಳಿಯಲ್ಲ, ಹಗಲು ಕಡಿಮೆಯಾಗುವುದು. ಬೇಸಿಗೆ ಇನ್ನೂ ಮುಗಿದಿರುವುದಿಲ್ಲ, ಬಿಸಿಲು ಚೆನ್ನಾಗಿಯೇ ಇರುತ್ತದೆ, ಆಗಲೇ ಕುದುರೆಯ ಮೈ ತಯಾರಿ ಶುರುಮಾಡಿರುತ್ತದೆ. ಚಳಿ ಬಂದಾಗ ಆ ಕೂದಲು ನೆಟ್ಟಗೆ ನಿಲ್ಲುತ್ತದೆ. ಕೂದಲುಗಳ ನಡುವೆ ಗಾಳಿ ಸಿಕ್ಕಿಕೊಂಡು ಒಂದು ರಜಾಯಿಯಂತೆ ಕೆಲಸ ಮಾಡುತ್ತದೆ. ಬೆನ್ನ ಮೇಲಿನ ಹಿಮ ಕರಗದೆ ಕೂತಿದೆ ಎಂದರೆ ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ ಎಂದೇ ಅರ್ಥ. ಹೊಸಬರು ಕಂಡು ಮರುಗುವ ಆ ಹಿಮವೇ ಕುದುರೆ ಬೆಚ್ಚಗಿದೆ ಎಂಬುದಕ್ಕೆ ಸಾಕ್ಷಿ.

ಇದನ್ನೆಲ್ಲ ಹಾಳು ಮಾಡುವುದು ನೀರು ಮತ್ತು ಗಾಳಿ. ಕೂದಲು ತೊಯ್ದರೆ ಒಂದಕ್ಕೊಂದು ಅಂಟಿಕೊಂಡು ಮಲಗಿಬಿಡುತ್ತದೆ, ರಜಾಯಿಯ ಗಾಳಿ ಹೋಗುತ್ತದೆ. ಆಗ ಮೈನಸ್ 15ರ ಗೆರೆ ಮತ್ತೆ 5 ಡಿಗ್ರಿಯ ಹತ್ತಿರಕ್ಕೆ ಏರಿಬಿಡುತ್ತದೆ. ಅಂದರೆ ಒಣಗಿದ ಮೈನಸ್ 10 ಡಿಗ್ರಿಗಿಂತ, ಸುಯ್ಯೆಂದು ಬೀಸುವ ಗಾಳಿಯೊಡನೆ ಜಡಿಮಳೆ ಸುರಿಯುವ 2 ಡಿಗ್ರಿಯ ದಿನವೇ ಕುದುರೆಗೆ ಹೆಚ್ಚು ಕಷ್ಟದ್ದು. ಅದಕ್ಕಾಗಿಯೇ ಇಲ್ಲಿನ ಬಯಲುಗಳಲ್ಲಿ ಮೂರು ಕಡೆ ಗೋಡೆ, ಮೇಲೊಂದು ಸೂರು ಇರುವ ಚಪ್ಪರಗಳನ್ನು ಕಟ್ಟಿರುತ್ತಾರೆ. ಬೇಕಾದಾಗ ಕುದುರೆಗಳೇ ಹೋಗಿ ನಿಲ್ಲುತ್ತವೆ.

ಹೊಟ್ಟೆಯೊಳಗಿನ ಹಂಡೆ ಒಲೆ

ಹಸು ಹುಲ್ಲು ತಿಂದು, ಮಲಗಿ ಮೆಲುಕು ಹಾಕುತ್ತದೆ. ಹುಲ್ಲನ್ನು ಕೊಳೆಸಿ ಕರಗಿಸುವ ಅದರ ದೊಡ್ಡ ಚೀಲ ಹೊಟ್ಟೆಯ ಮುಂಭಾಗದಲ್ಲಿದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಮೈಯ ಗಾತ್ರಕ್ಕೆ ಹೋಲಿಸಿದರೆ ತೀರಾ ಚಿಕ್ಕದು, 8ರಿಂದ 15 ಲೀಟರ್ ಹಿಡಿದರೆ ಹೆಚ್ಚು. ಹುಲ್ಲು ಕರಗುವ ನಿಜವಾದ ಜಾಗ ಹಿಂಭಾಗದ ದೊಡ್ಡ ಕರುಳು. ಅಲ್ಲಿ 100 ಲೀಟರಿಗೂ ಹೆಚ್ಚು ಜಾಗವಿದೆ. ಅದರ ತುಂಬ ಕಣ್ಣಿಗೆ ಕಾಣದ ಕೋಟಿ ಕೋಟಿ ಸೂಕ್ಷ್ಮಜೀವಿಗಳು.

ಹುಲ್ಲಿನ ನಾರನ್ನು ಕುದುರೆ ತಾನೇ ಅರಗಿಸಲಾರದು. ಆ ಕೆಲಸ ಮಾಡುವುದು ಈ ಸೂಕ್ಷ್ಮಜೀವಿಗಳು. ಅವು ನಾರನ್ನು ಹುಳಿಬರಿಸಿ ಕೆಲವು ಆಮ್ಲಗಳನ್ನು ಮಾಡುತ್ತವೆ. ಕುದುರೆ ಆ ಆಮ್ಲಗಳನ್ನು ಹೀರಿಕೊಂಡು ಶಕ್ತಿಯಾಗಿ ಬಳಸುತ್ತದೆ. ಇಡೀ ಕೆಲಸದಲ್ಲಿ ಶಾಖ ಹುಟ್ಟುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾಗಿಯ ಬೆಳಿಗ್ಗೆ ತಿಪ್ಪೆಯನ್ನು ಕೆದಕಿದರೆ ಹಬೆ ಏಳುವುದನ್ನು ನೋಡಿದ್ದೀರಲ್ವಾ? ಅಲ್ಲಿ ಬೆಂಕಿ ಇರುವುದಿಲ್ಲ, ಕೊಳೆಯುವ ಕಸದಲ್ಲಿರುವ ಸೂಕ್ಷ್ಮಜೀವಿಗಳೇ ಆ ಬಿಸಿಯನ್ನು ಹುಟ್ಟಿಸುತ್ತವೆ. ಕುದುರೆಯ ಹೊಟ್ಟೆಯಲ್ಲಿ ನಡೆಯುವುದೂ ಇಂಥದ್ದೇ ಕೆಲಸ.

ಕಾಳಿನ ಕಥೆ ಬೇರೆ. ಕಾಳಿನಲ್ಲಿರುವ ಪಿಷ್ಟ ಸಣ್ಣ ಕರುಳಿನಲ್ಲೇ ಬೇಗ ಕರಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುತ್ತದೆ. ಶಕ್ತಿ ಥಟ್ಟನೆ ಸಿಗುತ್ತದೆ. ಆದರೆ ಅರಗುವಾಗ ಹುಟ್ಟುವ ಶಾಖ ಹುಲ್ಲಿನದಕ್ಕಿಂತ ಕಡಿಮೆ.

ಬಚ್ಚಲಮನೆಯ ಹಂಡೆ ಒಲೆಯನ್ನು ನೆನಪಿಸಿಕೊಳ್ಳಿ. ಒಣ ತೆಂಗಿನ ಗರಿ ತುರುಕಿದರೆ ಭಗ್ಗನೆ ಉರಿದು ಐದು ನಿಮಿಷದಲ್ಲಿ ಬೂದಿ. ದಪ್ಪ ಕೊರಡು ಇಟ್ಟರೆ ಹೊತ್ತಿಕೊಳ್ಳಲು ತಡ, ಆದರೆ ಬೆಳಗಿನ ಜಾವದವರೆಗೆ ಕೆಂಡ ಇರುತ್ತದೆ. ಕುದುರೆಗೆ ಕಾಳು ತೆಂಗಿನ ಗರಿ, ಹುಲ್ಲು ಕೊರಡು. ಇಲ್ಲಿನ ಚಳಿಗಾಲದ ರಾತ್ರಿ 16 ಗಂಟೆಯಷ್ಟು ಉದ್ದ. ಆ ರಾತ್ರಿ ಕಳೆಯಲು ಕೊರಡೇ ಬೇಕು.

ತಿಂದ ಹುಲ್ಲು ದೊಡ್ಡ ಕರುಳು ಸೇರಿ ಶಾಖ ಕೊಡಲು ಕೆಲವು ಗಂಟೆ ಬೇಕು. ಅದಕ್ಕೇ ಇಲ್ಲಿನ ಅನುಭವಸ್ಥರು ನಾಳೆ ಬೆಳಿಗ್ಗೆ ಚಳಿ ಏರುತ್ತದೆ ಎಂದು ಹವಾಮಾನ ವರದಿ ಹೇಳಿದರೆ ಇವತ್ತು ಸಂಜೆಯೇ ಜಾಸ್ತಿ ಹುಲ್ಲು ಹಾಕುತ್ತಾರೆ. ದಿನದ ಹುಲ್ಲಿನಲ್ಲಿ ದೊಡ್ಡ ಪಾಲು ರಾತ್ರಿಗೇ ಮೀಸಲು.

ಎಷ್ಟು ಹಾಕಬೇಕು?

ಮೊದಲ ಲೆಕ್ಕ ಸುಲಭ. ಬೆಳೆದ ಕುದುರೆಗೆ ದಿನಕ್ಕೆ ಮೈತೂಕದ ಶೇ. 2ರಷ್ಟು ಒಣಹುಲ್ಲು. 500 ಕೆ.ಜಿ. ಕುದುರೆಗೆ 10 ಕೆ.ಜಿ. ಯಾವ ಕಾರಣಕ್ಕೂ ಶೇ. 1.5ಕ್ಕಿಂತ, ಅಂದರೆ ಏಳೂವರೆ ಕೆ.ಜಿ.ಗಿಂತ ಕೆಳಗೆ ಇಳಿಸಬಾರದು. ಬಯಲಲ್ಲಿ ಬಿಟ್ಟ ಕುದುರೆ ದಿನದ 24 ಗಂಟೆಯಲ್ಲಿ ಹದಿನಾರು ಗಂಟೆಯಷ್ಟು ಮೇಯುತ್ತಲೇ ಇರುತ್ತದೆ. ಅದರ ಜಠರದಲ್ಲಿ ಆಮ್ಲ ಸದಾ ಊರುತ್ತಿರುತ್ತದೆ, ನಮ್ಮಂತೆ ಊಟದ ಹೊತ್ತಿಗೆ ಮಾತ್ರವಲ್ಲ. ಹೊಟ್ಟೆ ಬರಿದಾಗಿ ಬಹಳ ಹೊತ್ತು ಕಳೆದರೆ ಹುಣ್ಣಾಗುತ್ತದೆ.

ಈಗ ಚಳಿಯ ಲೆಕ್ಕ. ಗೆರೆಗಿಂತ ಒಂದೊಂದು ಡಿಗ್ರಿ ಇಳಿದಂತೆಲ್ಲ ಕುದುರೆಗೆ ಬೇಕಾದ ಶಕ್ತಿ ಶೇ. 2ರಿಂದ 2.5ರಷ್ಟು ಏರುತ್ತದೆ. ನಮ್ಮ ಕುದುರೆಯ ಗೆರೆ ಮೈನಸ್ 15, ಹೊರಗೆ ಮೈನಸ್ 25 ಎಂದುಕೊಳ್ಳಿ. ಹತ್ತು ಡಿಗ್ರಿ ವ್ಯತ್ಯಾಸ. ಶೇ. 20ರಿಂದ 25 ಜಾಸ್ತಿ. 10 ಕೆ.ಜಿ. ಹುಲ್ಲಿನ ಜಾಗದಲ್ಲಿ 12ರಿಂದ 12.5 ಕೆ.ಜಿ. ಬಿರುಗಾಳಿ ಇದ್ದರೆ ಇನ್ನೂ ಸ್ವಲ್ಪ. ಮೈನಸ್ 5 ಇದ್ದರೆ? ಚೆನ್ನಾಗಿ ಕೂದಲಿರುವ, ಒಣಗಿದ ಮೈಯ ಕುದುರೆಗೆ ಚಳಿಗಾಗಿ ಏನೂ ಹೆಚ್ಚಿಗೆ ಬೇಡ. "ಚಳಿಗಾಲ" ಎಂಬ ಹೆಸರಿಗೆ ಮೇವು ಏರಿಸಬಾರದು, ಥರ್ಮಾಮೀಟರ್ ನೋಡಿ ಏರಿಸಬೇಕು. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತದಲ್ಲಿ ಇದು ಮುಖ್ಯ. ಇಲ್ಲಿ ಶಿನೂಕ್ ಎಂಬ ಬಿಸಿಗಾಳಿ ಪಶ್ಚಿಮದ ಬೆಟ್ಟಗಳಿಂದ ಇಳಿದು ಬಂದರೆ ಒಂದೇ ದಿನದಲ್ಲಿ ಮೈನಸ್ 20 ಹೋಗಿ ಪ್ಲಸ್ 5 ಆಗಿಬಿಡುತ್ತದೆ.

ಹುಲ್ಲನ್ನು ಕಣ್ಣಳತೆಯಲ್ಲಿ ಹಾಕಿದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಒಂದು ಕಟ್ಟಿನ ತೂಕ 20 ಕೆ.ಜಿ. ಇರಬಹುದು, 30 ಇರಬಹುದು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಲು ಎಲ್ಲರ ಮನೆಯಲ್ಲೂ ಕೊಕ್ಕೆಯ ಕೈತಕ್ಕಡಿ ಇರುತ್ತದಲ್ಲ, ಅದು ಸಾಕು. ಹುಲ್ಲನ್ನು ಬಲೆಚೀಲಕ್ಕೆ ತುಂಬಿ ಎತ್ತಿದರೆ ಆಯಿತು.

ಕುದುರೆಯ ತೂಕ ಗೊತ್ತಾಗುವುದು ಹೇಗೆ? ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗೆ ಮೈಯುದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದರೆ ಸರಿಯಾಗಿ 450 ಕೆ.ಜಿ. ಬರುತ್ತದೆ. ಅಂದಾಜು ಲೆಕ್ಕವೇ ಆದರೂ ಕಣ್ಣಿಗಿಂತ ನಂಬಿಕಸ್ಥ.

ಇನ್ನೊಂದು ಮಾತು. ಹಾಕಿದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ಇಲ್ಲಿ ಹುಲ್ಲು ಸಾಮಾನ್ಯವಾಗಿ 500 ಕೆ.ಜಿ. ಮೀರುವ ದೊಡ್ಡ ಉರುಳೆಯಾಗಿ ಬರುತ್ತದೆ. ಅದನ್ನು ಹಾಗೇ ನೆಲಕ್ಕೆ ಇಟ್ಟರೆ ಕುದುರೆಗಳು ತುಳಿಯುತ್ತವೆ, ಅದರ ಮೇಲೆ ಮಲಗುತ್ತವೆ, ಲದ್ದಿ ಹಾಕುತ್ತವೆ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಸುತ್ತ ಏನೂ ಇಲ್ಲದೆ ಇಟ್ಟ ಉರುಳೆಯಲ್ಲಿ ಶೇ. 57ರಷ್ಟು ಹುಲ್ಲು ಹಾಳಾಗಿತ್ತು. ಗೋದಲಿಯಂಥ ಚೌಕಟ್ಟಿನೊಳಗೆ ಇಟ್ಟಾಗ ಚೌಕಟ್ಟಿನ ಬಗೆಗೆ ತಕ್ಕಂತೆ ನಷ್ಟ ಶೇ. 5ರಿಂದ 33ಕ್ಕೆ ಇಳಿಯಿತು. ಪಶ್ಚಿಮ ಕೆನಡಾದಲ್ಲಿ 2021ರಲ್ಲಿ ಬರ ಬಂದು ಹುಲ್ಲಿಗೆ ಪರದಾಡುವಂತಾಯಿತು. ಅಂಥ ವರ್ಷದಲ್ಲಿ ಅರ್ಧ ಉರುಳೆ ಕಾಲಡಿ ಹೋಗುವುದನ್ನು ನೋಡಲು ಹೊಟ್ಟೆ ಉರಿಯುತ್ತದೆ.

ಗುಂಪಿನಲ್ಲಿ ಜೋರು ಕುದುರೆಗಳು ಬಡಪಾಯಿಗಳನ್ನು ಅಟ್ಟುತ್ತವೆ. ಐದು ಕುದುರೆ ಇದ್ದರೆ ಆರು ಕಡೆ ಹುಲ್ಲು ಹಾಕಬೇಕು, ದೂರದೂರಕ್ಕೆ. ಆಗ ಎಲ್ಲಕ್ಕೂ ಒಂದು ಜಾಗ ಸಿಗುತ್ತದೆ.

ಎಲ್ಲ ಹುಲ್ಲೂ ಒಂದೇ ಅಲ್ಲ

ಇಲ್ಲಿನ ಒಣಹುಲ್ಲು ಹೆಚ್ಚಾಗಿ ತಿಮೋತಿ, ಬ್ರೋಮ್ ಎಂಬ ಹುಲ್ಲುಗಳದ್ದು. ಅದರಲ್ಲಿ ಆಲ್ಫಾಲ್ಫಾ ಸೇರಿರುತ್ತದೆ. ಆಲ್ಫಾಲ್ಫಾ ಎಂದರೆ ಬೇರೇನಲ್ಲ, ನಮ್ಮ ರೈತರು ಕುದುರೆಮಸಾಲೆ ಎಂದು ಕರೆಯುವ ಸೊಪ್ಪೇ. ಲೂಸರ್ನ್ ಅಂತಲೂ ಹೇಳುತ್ತಾರೆ. ಹೆಸರಿನಲ್ಲೇ ಕುದುರೆ ಇದೆ! ಇದರಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಜಾಸ್ತಿ, ಶಕ್ತಿಯೂ ಹೆಚ್ಚು. ತೂಕ ಇಳಿದ ಕುದುರೆಗೆ, ಹಾಲು ಕೊಡುವ ತಾಯಿಗೆ ಒಳ್ಳೆಯದು. ಮೊದಲೇ ದಪ್ಪಗಿರುವ ಪೋನಿಗೆ (ಗಿಡ್ಡ ತಳಿಯ ಕುದುರೆಗೆ) ಬೇಡ.

ಹೂ ಬಿಡುವ ಮೊದಲು ಕೊಯ್ದ ಹುಲ್ಲು ಮೆದು, ಎಲೆ ಜಾಸ್ತಿ, ಸತ್ವ ಜಾಸ್ತಿ. ಬಲಿತ ಮೇಲೆ ಕೊಯ್ದದ್ದು ಬರೀ ದಂಟು. ಅದರಲ್ಲಿ ಸತ್ವ ಕಡಿಮೆ, ನಾರು ಹೆಚ್ಚು. ದಂಟು ಹುಲ್ಲು ಪೂರ್ತಿ ನಿರುಪಯೋಗಿ ಅಲ್ಲ. ಬೇಗ ದಪ್ಪಗಾಗುವ ಕುದುರೆಗೆ ಅದೇ ಸರಿ, ಹೊತ್ತುಗಟ್ಟಲೆ ಅಗಿಯಬಹುದು, ತೂಕ ಏರುವುದಿಲ್ಲ.

ಬೂಷ್ಟು ಹಿಡಿದ ಹುಲ್ಲನ್ನು ಮಾತ್ರ ಯಾವ ಕುದುರೆಗೂ ಹಾಕಬಾರದು. ಹಸು ಸ್ವಲ್ಪ ತಾಳಿಕೊಳ್ಳುತ್ತದೆ, ಕುದುರೆ ತಾಳುವುದಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಒಳಗೇ. ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಉಬ್ಬಸ ಅಂಟಿಕೊಳ್ಳುತ್ತದೆ. ಕಟ್ಟು ಬಿಚ್ಚಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಬಿಳಿ ಧೂಳು ಎದ್ದರೆ ಆಚೆ ಹಾಕಿ.

ಒಣಗಿಸಿದಾಗ ಹುಲ್ಲು ಕಳೆದುಕೊಳ್ಳುವ ಒಂದು ಮುಖ್ಯ ವಸ್ತು ವಿಟಮಿನ್ ಇ. ಹಸಿ ಹುಲ್ಲಿನಲ್ಲಿ ಅದು ಧಾರಾಳ, ಒಣಹುಲ್ಲಿನಲ್ಲಿ ಬಹಳ ಕಡಿಮೆ. ವಿಟಮಿನ್ ಎ ಕೂಡ ತಿಂಗಳು ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಅದಕ್ಕೆ ಆರು ತಿಂಗಳು ಬರೀ ಒಣಹುಲ್ಲು ತಿನ್ನುವ ಕುದುರೆಗೆ ವಿಟಮಿನ್, ಖನಿಜದ ಪುಡಿ ಸ್ವಲ್ಪ ಸೇರಿಸುತ್ತಾರೆ. ಸೆಲೆನಿಯಂ ಎಂಬ ಖನಿಜದ ವಿಷಯದಲ್ಲಿ ಎಚ್ಚರ ಇರಲಿ. ಕಡಿಮೆಯಾದರೂ ತೊಂದರೆ, ಸ್ವಲ್ಪ ಹೆಚ್ಚಾದರೂ ವಿಷ. ಪಶುವೈದ್ಯರನ್ನು ಕೇಳದೆ ಎರಡು ಮೂರು ಬಗೆಯ ಪುಡಿ ಬೆರೆಸಬೇಡಿ.

"ಉಷ್ಣ" ಅಂತ ಕಾಳು, ಬಿಸಿ ಬೂಸಾ

ಚಳಿಗೆ ಉಷ್ಣದ ಪದಾರ್ಥ ತಿನ್ನಬೇಕು ಎಂಬುದು ನಮ್ಮ ಮನೆಗಳಲ್ಲಿ ಇರುವ ಮಾತು. ಇಲ್ಲಿನ ಹಳಬರಲ್ಲೂ ಅದೇ ನಂಬಿಕೆ ಇದೆ. ಅವರು ಮೆಕ್ಕೆಜೋಳವನ್ನು ಬಿಸಿಯ ಕಾಳು ಎನ್ನುತ್ತಾರೆ. ಮೆಕ್ಕೆಜೋಳದಲ್ಲಿ ಶಕ್ತಿ ಹೆಚ್ಚು ಎಂಬುದು ನಿಜ. ಆದರೆ ಅರಗುವಾಗ ಮೈ ಕಾಯಿಸುವುದರಲ್ಲಿ ಅದು ಒಣಹುಲ್ಲಿಗಿಂತ ಹಿಂದೆ.

ಹಾಗಂತ ಕಾಳು ಕೆಟ್ಟದ್ದಲ್ಲ. ಹೊಟ್ಟೆ ತುಂಬ ಹುಲ್ಲು ತಿಂದರೂ ತೂಕ ಇಳಿಯುತ್ತಿದ್ದರೆ, ದಿನವೂ ದುಡಿಯುವ ಕುದುರೆಯಾಗಿದ್ದರೆ ಓಟ್ಸ್ ಅಥವಾ ಬಾರ್ಲಿ ಸೇರಿಸಬಹುದು. ಮಿತಿ ಗೊತ್ತಿರಬೇಕು, ಅಷ್ಟೆ. 500 ಕೆ.ಜಿ. ಕುದುರೆಗೆ ಒಂದು ಹೊತ್ತಿಗೆ ಎರಡೂವರೆ ಕೆ.ಜಿ.ಗಿಂತ ಹೆಚ್ಚು ಕಾಳು ಹಾಕಬಾರದು. ಅದಕ್ಕಿಂತ ಕಡಿಮೆ ಹಾಕಿ, ಹೊತ್ತು ಹೆಚ್ಚಿಸಿದರೆ ಇನ್ನೂ ಒಳ್ಳೆಯದು. ಜಾಸ್ತಿಯಾದ ಪಿಷ್ಟ ಸಣ್ಣ ಕರುಳಿನಲ್ಲಿ ಕರಗದೆ ಹಿಂದಿನ ದೊಡ್ಡ ಕರುಳಿಗೆ ಹರಿಯುತ್ತದೆ. ಅಲ್ಲಿ ನಾರು ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಹುಳಿ ಏರುತ್ತದೆ, ವಿಷ ರಕ್ತಕ್ಕೆ ಸೇರುತ್ತದೆ. ಹೊಟ್ಟೆಶೂಲೆ ಬರುತ್ತದೆ. ಗೊರಸಿನೊಳಗೆ ಉರಿಯೂತ ಆಗಿ ಕುದುರೆ ಕಾಲೂರಲಾರದೆ ನರಳುತ್ತದೆ. ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ಕುದುರೆಯ ಪ್ರಾಣಕ್ಕೇ ಕುತ್ತು ತರಬಲ್ಲ ಕಾಯಿಲೆ ಇದು.

ಬಿಸಿ ಬೂಸಾ ಕಲಸಿ ಕೊಡುವ ರೂಢಿಯೂ ಇದೆ. ಗೋಧಿ ಬೂಸಾಕ್ಕೆ ಬಿಸಿನೀರು ಹಾಕಿ, ವಾರಕ್ಕೊಮ್ಮೆ ಪ್ರೀತಿಯಿಂದ ತಿನ್ನಿಸುತ್ತಾರೆ. ಕುದುರೆ ಅದನ್ನು ಚಪ್ಪರಿಸಿಕೊಂಡು ತಿನ್ನುತ್ತದೆ. ಆದರೆ ಬಕೆಟ್ಟಿನ ಬಿಸಿ ಹೊಟ್ಟೆಯಲ್ಲಿ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ವಾರವೆಲ್ಲ ಇಲ್ಲದ ಮೇವು ಒಂದು ದಿನ ಒಮ್ಮೆಗೇ ಬಂದರೆ ಸೂಕ್ಷ್ಮಜೀವಿಗಳ ಲಯ ತಪ್ಪುತ್ತದೆ. ದಿನವೂ ಹೆಚ್ಚು ಬೂಸಾ ಹಾಕಿದರೆ ಇನ್ನೊಂದು ತೊಂದರೆ. ಬೂಸಾದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಕಡಿಮೆ. ತಿಂಗಳುಗಟ್ಟಲೆ ಹೀಗಾದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ.

ಯಾವುದೇ ಮೇವು ಬದಲಿಸುವುದಿದ್ದರೂ ಏಳರಿಂದ ಹದಿನಾಲ್ಕು ದಿನ ತೆಗೆದುಕೊಳ್ಳಿ. ಹಳೆಯದನ್ನು ಸ್ವಲ್ಪ ಸ್ವಲ್ಪ ಇಳಿಸಿ, ಹೊಸದನ್ನು ಸ್ವಲ್ಪ ಸ್ವಲ್ಪ ಏರಿಸಿ. ಹುಲ್ಲಿನ ಹೊಸ ಲೋಡು ಬಂದಾಗಲೂ ಇದೇ ಕ್ರಮ. ದೋಸೆಹಿಟ್ಟಿಗೆ ಹೊಸ ಹಿಟ್ಟು ಸೇರಿಸುವಾಗ ಹಳೆಯದನ್ನು ಒಂದು ಸೌಟು ಉಳಿಸಿಕೊಳ್ಳುತ್ತೇವಲ್ಲ, ಹಾಗೆ.

ಚಳಿಗಾಲದ ನಿಜವಾದ ಅಪಾಯ ನೀರು

ಹುಲ್ಲಿನ ಬಗ್ಗೆ ಇಷ್ಟು ಹೇಳಿದ ಮೇಲೂ, ಚಳಿಗಾಲದಲ್ಲಿ ಯಾವುದಾದರೂ ಒಂದನ್ನೇ ದಿನಕ್ಕೆ ಎರಡು ಸಲ ನೋಡಬೇಕು ಎಂದರೆ ನಾನು ನೀರಿನ ತೊಟ್ಟಿ ಎನ್ನುತ್ತೇನೆ.

ಲೆಕ್ಕ ನೋಡಿ. ಬೇಸಿಗೆಯಲ್ಲಿ ಕುದುರೆ 40 ಕೆ.ಜಿ. ಹಸಿ ಹುಲ್ಲು ಮೇಯ್ದರೆ ಅದರಲ್ಲಿ ಸುಮಾರು 30 ಲೀಟರ್ ನೀರೇ ಇರುತ್ತದೆ. ಕುದುರೆಗೆ ಗೊತ್ತಿಲ್ಲದೆಯೇ ನೀರು ಹೊಟ್ಟೆ ಸೇರುತ್ತದೆ. ಚಳಿಗಾಲದಲ್ಲಿ ಅಷ್ಟೇ ಸತ್ವಕ್ಕೆ 10-12 ಕೆ.ಜಿ. ಒಣಹುಲ್ಲು ತಿನ್ನುತ್ತದೆ. ಅದರಲ್ಲಿ ನೀರು ಒಂದೂವರೆ ಲೀಟರಿನಷ್ಟು. ಉಳಿದದ್ದನ್ನೆಲ್ಲ ಕುಡಿದೇ ತುಂಬಿಸಿಕೊಳ್ಳಬೇಕು, ದಿನಕ್ಕೆ 25ರಿಂದ 45 ಲೀಟರ್. ಆದರೆ ಹಲ್ಲು ಜುಮ್ಮೆನ್ನುವ ನೀರನ್ನು ಅದು ಕಡಿಮೆ ಕುಡಿಯುತ್ತದೆ. ಒಣ ಮೇವು ಜಾಸ್ತಿ, ನೀರು ಕಡಿಮೆ. ದೊಡ್ಡ ಕರುಳಿನಲ್ಲಿ ಹುಲ್ಲು ಗಟ್ಟಿಯಾಗಿ ಕಟ್ಟಿಕೊಂಡು ಮುಂದೆ ಸಾಗದೆ ನಿಲ್ಲುತ್ತದೆ. ಚಳಿಗಾಲದ ಹೊಟ್ಟೆಶೂಲೆ ಬಹಳ ಸಲ ಬರುವುದು ಹೀಗೆ.

ಪರಿಹಾರ ನೀರನ್ನು ಸ್ವಲ್ಪ ಬೆಚ್ಚಗಿಡುವುದು. 7ರಿಂದ 18 ಡಿಗ್ರಿ ಇದ್ದರೆ ಸಾಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಂಜುಗಟ್ಟುವಷ್ಟು ತಣ್ಣನೆಯ ನೀರಿನ ಬದಲು ಬೆಚ್ಚಗಿನ ನೀರು ಕೊಟ್ಟಾಗ ಪೋನಿಗಳು ಸುಮಾರು ಶೇ. 40 ಜಾಸ್ತಿ ಕುಡಿದವು. ಇಲ್ಲಿ ತೊಟ್ಟಿಗೆ ಹಾಕುವ ಕರೆಂಟಿನ ಹೀಟರ್ ಸಿಗುತ್ತದೆ. ಅದು ಕೆಟ್ಟು ನೀರಿಗೆ ಸಣ್ಣಗೆ ಕರೆಂಟು ಸೋರಿದರೆ ಕುದುರೆ ತೊಟ್ಟಿಯ ಹತ್ತಿರವೇ ಬರುವುದಿಲ್ಲ. ನೀರು ತುಂಬಿದೆ, ಹೆಪ್ಪುಗಟ್ಟಿಲ್ಲ, ಆದರೂ ಮಟ್ಟ ಇಳಿಯುತ್ತಿಲ್ಲ ಎಂದರೆ ಮೊದಲು ಹೀಟರಿನ ಮೇಲೆ ಅನುಮಾನ ಪಡಿ.

"ಹಿಮ ತಿಂದರೆ ಸಾಲದಾ?" ಎಂದು ಕೇಳುವವರಿದ್ದಾರೆ. ಆಲ್ಬರ್ಟಾದ ಸುಂಡ್ರೆ ಊರಿನ ಪಶ್ಚಿಮದ ಬೆಟ್ಟದ ತಪ್ಪಲಲ್ಲಿ ಬೀಡುಬಿಟ್ಟ ಕಾಡು ಕುದುರೆಗಳು ಕಾಲಿನಿಂದ ಹಿಮ ಕೆದರಿ ಒಣಹುಲ್ಲು ಮೇಯುತ್ತವೆ, ಹಿಮವನ್ನೂ ತಿನ್ನುತ್ತವೆ. ಅವು ಹುಟ್ಟಿನಿಂದ ಹಾಗೆ ಬೆಳೆದವು. ಹಗುರವಾದ ಹೊಸ ಹಿಮ ಹತ್ತು ಲೀಟರ್ ಕರಗಿದರೆ ಸಿಗುವುದು ಒಂದು ಲೀಟರ್ ನೀರು. ಹಾಗಾದರೆ ದಿನಕ್ಕೆ 40 ಲೀಟರ್ ನೀರಿಗೆ 400 ಲೀಟರ್ ಹಿಮ! ಅದನ್ನು ಕರಗಿಸುವ ಶಾಖವನ್ನೂ ಮೈಯಿಂದಲೇ ಕೊಡಬೇಕು. ನಾವು ಸಾಕಿದ ಕುದುರೆಯನ್ನು ಹಿಮದ ಮೇಲೆ ಬಿಟ್ಟು ಕೂರುವಂತಿಲ್ಲ.

ಉಪ್ಪು ಮರೆಯಬೇಡಿ. ದಿನಕ್ಕೆ 25-30 ಗ್ರಾಂ, ಅಂದಾಜು ಎರಡು ದೊಡ್ಡ ಚಮಚ. ಉಪ್ಪು ತಿಂದರೆ ಬಾಯಾರಿಕೆಯಾಗಿ ನೀರು ಕುಡಿಯುತ್ತದೆ. ಚಳಿಯಲ್ಲಿ ಕಲ್ಲಿನಂತಾದ ಉಪ್ಪಿನ ಗಟ್ಟಿ ನೆಕ್ಕಲು ಕುದುರೆಗೆ ಮನಸ್ಸಾಗುವುದಿಲ್ಲ, ಹಾಗಾಗಿ ಪುಡಿ ಉಪ್ಪೇ ಮೇಲು.

ಕಣ್ಣಿನಿಂದಲ್ಲ, ಕೈಯಿಂದ ನೋಡಿ

ದಟ್ಟ ಕೂದಲು ಮೋಸ ಮಾಡುತ್ತದೆ. ಜನವರಿಯಲ್ಲಿ ಗುಂಡಗೆ ಮುದ್ದಾಗಿ ಕಂಡ ಕುದುರೆ, ಏಪ್ರಿಲ್‌ನಲ್ಲಿ ಕೂದಲು ಉದುರಿದಾಗ ಎಲುಬಿನ ಗೂಡಾಗಿರಬಹುದು. ಅದಕ್ಕೆ ಎರಡು ಮೂರು ವಾರಕ್ಕೊಮ್ಮೆ ಕೈಗವಸು ತೆಗೆದು ಪಕ್ಕೆ ಮುಟ್ಟಿ ನೋಡಬೇಕು.

ಇದಕ್ಕೆ ಒಂದು ಸುಲಭ ಹೋಲಿಕೆ ಇದೆ. ಮುಷ್ಟಿ ಬಿಗಿಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆ ಹಾಗೆ ಸಿಕ್ಕಿದರೆ ಕುದುರೆ ಸೊರಗಿದೆ. ಕೈ ಚಾಚಿ ಅಂಗೈಯ ಹಿಂಭಾಗ ಸವರಿ. ಮೂಳೆ ಕಾಣುವುದಿಲ್ಲ, ಆದರೆ ಮುಟ್ಟಿದರೆ ಸಿಗುತ್ತದೆ. ಪಕ್ಕೆ ಹೀಗಿದ್ದರೆ ಸರಿ. ಹೆಬ್ಬೆರಳ ಬುಡದ ಮಾಂಸದಂತೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿಯಾಗಿದೆ. ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ ಡಾನ್ ಹೆನೆಕೆ ಮತ್ತು ಜೊತೆಗಾರರು 1983ರಲ್ಲಿ ಇದಕ್ಕೆ 1ರಿಂದ 9ರವರೆಗಿನ ಅಂಕ ಮಾಡಿದರು. 1 ಎಂದರೆ ಎಲುಬು, 9 ಎಂದರೆ ಅತಿ ಕೊಬ್ಬು. ಚಳಿಗಾಲಕ್ಕೆ ಕಾಲಿಡುವಾಗ 5 ಅಥವಾ 6 ಇದ್ದರೆ ನೆಮ್ಮದಿ. ನಡುಚಳಿಯಲ್ಲಿ ಇಳಿದ ತೂಕವನ್ನು ಏರಿಸುವುದು ಬಹಳ ಕಷ್ಟ, ತಿಂದದ್ದೆಲ್ಲ ಮೈ ಕಾಯಿಸಲು ಹೋಗಿಬಿಡುತ್ತದೆ.

ವಯಸ್ಸಾದ ಕುದುರೆಗೆ ಹಲ್ಲಿನ ತೊಂದರೆ. ಹುಲ್ಲನ್ನು ಅಗಿದು, ನುಂಗಲಾಗದೆ ಒದ್ದೆ ಉಂಡೆಯಾಗಿ ಉಗುಳುತ್ತಿದ್ದರೆ ಹಲ್ಲು ಸವೆದಿದೆ ಎಂದು ತಿಳಿಯಿರಿ. ಅದಕ್ಕೆ ನೆನೆಸಿದ ಹುಲ್ಲಿನ ಬಿಲ್ಲೆ, ನೆನೆಸಿದ ಬೀಟ್ ಸಿಪ್ಪೆ ಕೊಡುತ್ತಾರೆ. ಸಕ್ಕರೆ ತೆಗೆದ ಬೀಟ್ ಗೆಡ್ಡೆಯ ಉಳಿಕೆ ಅದು, ಮೆತ್ತನೆಯ ನಾರು. ಗಬ್ಬವಾದ ಕುದುರೆಗೆ ಕೊನೆಯ ಮೂರು ತಿಂಗಳು ಹೆಚ್ಚು ಸತ್ವ ಬೇಕು. ಕುದುರೆಯ ಬಸಿರು ಸುಮಾರು ಹನ್ನೊಂದು ತಿಂಗಳು. ಮರಿ ವಸಂತದಲ್ಲಿ ಹುಟ್ಟುವುದರಿಂದ ಆ ಕೊನೆಯ ತಿಂಗಳುಗಳು ಸರಿಯಾಗಿ ಕಡುಚಳಿಯಲ್ಲೇ ಬರುತ್ತವೆ.

ನಮ್ಮ ಊರಿನ ಕುದುರೆಗಳಿಗೆ?

ಮೈಸೂರಿನ ಟಾಂಗಾ ಕುದುರೆಗೂ, ಕುಣಿಗಲ್ಲಿನ ಕುದುರೆ ಫಾರಂನ ಮರಿಗೂ ಈ ಚಳಿಯ ಲೆಕ್ಕ ಬೇಕಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ತೆಳು ಕೂದಲಿನ ಕುದುರೆಯ 5 ಡಿಗ್ರಿ ಗೆರೆಯನ್ನೂ ಅದು ಮುಟ್ಟಿಲ್ಲ. ಚಳಿ ಎಂದು ಹುರುಳಿ ಏರಿಸುವ ಅಗತ್ಯವಿಲ್ಲ.

ಆದರೆ ಮಳೆಗಾಲ ಮುಗಿದು ಹಸಿ ಹುಲ್ಲು ಒಣಗುವುದು ಅಲ್ಲೂ ಇದೆ. ಹಸಿರಿನಿಂದ ಒಣ ಮೇವಿಗೆ ಹೋಗುವಾಗ ನಿಧಾನ ಬೇಕು, ನೀರು ಜಾಸ್ತಿ ಬೇಕು. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದೊಂದರಿಂದಲೇ ಕುದುರೆ ಬದುಕಲಾರದು. ಹುರುಳಿಯಲ್ಲಿ ಶೇ. 20ಕ್ಕೂ ಹೆಚ್ಚು ಪ್ರೋಟೀನ್ ಇದೆ. ಹಸಿಯಾಗಿದ್ದಾಗ ಆ ಪ್ರೋಟೀನ್ ಅರಗದಂತೆ ತಡೆಯುವ ವಸ್ತುವೂ ಅದರಲ್ಲಿದೆ. ನೆನೆಸಿ ಬೇಯಿಸಿದರೆ ಅದು ಕಡಿಮೆಯಾಗುತ್ತದೆ. ಹುರುಳಿ ಬೇಯಿಸಿ ಕೊಡುತ್ತಿದ್ದ ನಮ್ಮ ಜಟಕಾದವರ ಪದ್ಧತಿ ಸರಿಯಾಗಿಯೇ ಇತ್ತು.

ಹಿಮ ಕರಗಿದ ಮೇಲೂ ಮುಗಿಯುವುದಿಲ್ಲ

ಮೇ ತಿಂಗಳಲ್ಲಿ ಬಯಲು ಹಸಿರಾದಾಗ ಕುದುರೆಯನ್ನು ಒಮ್ಮೆಗೇ ಬಿಟ್ಟುಬಿಡುವ ಆಸೆಯಾಗುತ್ತದೆ. ಆರು ತಿಂಗಳು ಒಣಹುಲ್ಲು ತಿಂದ ಪ್ರಾಣಿ, ಪಾಪ ಅನ್ನಿಸುತ್ತದೆ. ಎಳೆ ಹುಲ್ಲಿನಲ್ಲಿ ಸಕ್ಕರೆ ಬಹಳ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಣಹುಲ್ಲಿಗೆ ಒಗ್ಗಿಕೊಂಡಿರುತ್ತವೆ. ಕಾಳು ಜಾಸ್ತಿಯಾದಾಗ ಆಗುವ ಅದೇ ಗೊರಸಿನ ಕಾಯಿಲೆ ಎಳೆ ಹುಲ್ಲಿನಿಂದಲೂ ಬರುತ್ತದೆ. ಹುಲ್ಲು ಒಂದು ಗೇಣಿನಷ್ಟಾದರೂ ಬೆಳೆಯಲಿ. ಮೊದಲ ದಿನ 15 ನಿಮಿಷ ಮೇಯಿಸಿ. ಮರುದಿನ ಅರ್ಧ ಗಂಟೆ. ಹೀಗೆ ದಿನಕ್ಕೆ 15 ನಿಮಿಷ ಏರಿಸುತ್ತಾ ನಾಲ್ಕೈದು ಗಂಟೆಗೆ ಬಂದ ಮೇಲೆ ಬೇಲಿಯ ಗೇಟು ತೆರೆದಿಡಬಹುದು. ಅಷ್ಟು ದಿನವೂ ಬಯಲಿಗೆ ಬಿಡುವ ಮೊದಲು ಹೊಟ್ಟೆಗೆ ಒಣಹುಲ್ಲು ಬಿದ್ದಿರಬೇಕು. ಹಾಗಾಗಿ ಅಕ್ಟೋಬರ್‌ನಲ್ಲಿ ಚಳಿಗಾಲದ ಹುಲ್ಲು ಕೊಳ್ಳುವಾಗ ಮೇ ತಿಂಗಳ ಕೊನೆಯವರೆಗೆ ಲೆಕ್ಕ ಹಾಕಿಕೊಳ್ಳಿ.